ಆವತ್ತು ಅತ್ತಾಕಿ ಯಾರು?

ಹಿಂದೊಮ್ಮೆ ನೋಡಿದ ಧಾರಾವಾಹಿಯ ಮೊದಮೊದಲ ಕಂತುಗಳನ್ನು ವರ್ಷಗಳ ನಂತರ ಮತ್ತೆ ನೋಡುವುದು ಹಳೆಯ ಊರಿಗೆ ಹೋಗಿಬಂದ ಹಾಗೆ ಎನ್ನುವವರುಂಟು. ಮಾತು ಪೂರ್ತಿ ಸರಿಯಲ್ಲ. ಊರು ಬದಲಾಗಿರುತ್ತದೆ, ಕಂತು ಬದಲಾಗಿರುವುದಿಲ್ಲ. ಅದೇ ಮುಖ, ಅದೇ ಮಾತು, ಅದೇ ಹಿನ್ನೆಲೆ ಸಂಗೀತ. ಬದಲಾದದ್ದು ನೋಡುವವರ ತಿಳಿವಳಿಕೆ. ಅದರಲ್ಲೂ ಮುಂದೆ ಬಂದ ಕಂತುಗಳು ಕಥೆಯ ಬುಡವನ್ನೇ ಅಲುಗಿಸಿದ್ದರೆ, ಮೊದಲ ಸಲ ಕಣ್ಣೀರು ತರಿಸಿದ ದೃಶ್ಯ ಎರಡನೆಯ ಸಲ ಪ್ರಶ್ನೆಯೊಂದನ್ನು ಎತ್ತಿ ನಿಲ್ಲಿಸುತ್ತದೆ. ಇಂಥ ಅನುಭವ 2020ರ ಮಾರ್ಚ್-ಏಪ್ರಿಲ್‌ನಲ್ಲಿ ದೇಶದ ಲಕ್ಷಾಂತರ ಮನೆಗಳಿಗೆ ಒಟ್ಟಿಗೇ ಆಯಿತು.

ಕೊರೊನಾ ಕಾರಣದಿಂದ ಜನರೆಲ್ಲ ಮನೆಯೊಳಗೆ ಕುಳಿತ ಆ ದಿನಗಳಲ್ಲಿ ದೂರದರ್ಶನವು ರಮಾನಂದ ಸಾಗರ್ ಅವರ ‘ರಾಮಾಯಣ’ವನ್ನು ಮಾರ್ಚ್ 28ರಿಂದ ಮರುಪ್ರಸಾರ ಮಾಡಿತು. ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ. ಶಾಲೆ ಇಲ್ಲದ ಮಕ್ಕಳು, ಕೆಲಸ ನಿಂತ ತಂದೆತಾಯಂದಿರು, ಹಿಂದೆ ಒಮ್ಮೆ ಇದನ್ನೇ ನೋಡಿದ್ದ ಅಜ್ಜ-ಅಜ್ಜಿಯರು, ಹೀಗೆ ಮೂರು ತಲೆಮಾರು ಒಂದೇ ಪರದೆಯ ಮುಂದೆ ಕುಳಿತವು. ಮಕ್ಕಳಿಗೆ ಅದು ಹೊಸ ಧಾರಾವಾಹಿ, ಹಿರಿಯರಿಗೆ ಮುಗಿದ ಕಥೆ. ಮುಂದೇನಾಗುತ್ತದೆ ಎಂದು ಬಲ್ಲವರೂ ಅರಿಯದವರೂ ಒಂದೇ ಚಾಪೆಯ ಮೇಲೆ ಕುಳಿತು ನೋಡುವುದು ಅಪರೂಪದ ಸಂಗತಿ.

ಮೊದಲ ಪ್ರಸಾರದ ಕಾಲವೇ ಬೇರೆ. 1987ರ ಜನವರಿ 25ರಿಂದ 1988ರ ಜುಲೈ 31ರ ತನಕ, ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ, ವಾರಕ್ಕೊಂದರಂತೆ 78 ಕಂತುಗಳು. ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಂಥ ಊರುಗಳಲ್ಲಿ ಆಗ ಟಿ.ವಿ. ಇದ್ದ ಮನೆಗಳು ಬೆರಳೆಣಿಕೆಯವು. ಆ ಮನೆಗಳ ಪಡಸಾಲೆ ಆ ಹೊತ್ತಿಗೆ ಊರಿನ ಪಡಸಾಲೆಯಾಗುತ್ತಿತ್ತು. ಹಿಂದಿ ತಿಳಿಯದವರಿಗೂ ಕಥೆ ತಿಳಿದಿತ್ತು. ಮಾತು ಬಾರದಿದ್ದರೂ ಅಳು ಯಾವುದು, ಸಿಟ್ಟು ಯಾವುದು ಎಂದು ಗೊತ್ತಾಗುತ್ತಿತ್ತು. ಕರೆಂಟು ಹೋದರೆ ಆ ವಾರದ ಕಂತು ಹೋದ ಹಾಗೆಯೇ. ನೋಡಿದವರ ಬಾಯಿಂದ ಕೇಳಿ ತೃಪ್ತಿಪಡಬೇಕು. ಹಿಂದಕ್ಕೆ ಹೋಗಿ ಮತ್ತೆ ನೋಡುವ ಅನುಕೂಲ ಸಾಮಾನ್ಯರಿಗೆ ಇರಲಿಲ್ಲ.

ಆ 78 ಕಂತುಗಳಲ್ಲಿ ಸೀತಾಪಹರಣದ ಭಾಗವನ್ನು ಯಾರೂ ಮರೆತಿರಲಾರರು. ಚಿನ್ನದ ಜಿಂಕೆ, ದೂರದಿಂದ ಕೇಳುವ ಕೂಗು, ಲಕ್ಷ್ಮಣ ಎಳೆದ ಗೆರೆ, ಸನ್ಯಾಸಿಯ ವೇಷದಲ್ಲಿ ಬಂದ ರಾವಣ. ದೀಪಿಕಾ ಚಿಖಲಿಯಾ ಅವರ ಸೀತೆ ಬೇಡುತ್ತಾಳೆ, ಬೆದರುತ್ತಾಳೆ, ಅಳುತ್ತಾಳೆ. ಅರವಿಂದ ತ್ರಿವೇದಿ ಅವರ ರಾವಣ ನಗುತ್ತಾನೆ. ಜಟಾಯು ಅಡ್ಡ ಬಂದು ರೆಕ್ಕೆ ಕಳೆದುಕೊಳ್ಳುತ್ತಾನೆ. ಬಳಿಕ ಅರುಣ್ ಗೋವಿಲ್ ಅವರ ರಾಮ ಬರಿದಾದ ಪರ್ಣಕುಟಿಯನ್ನು ಕಂಡು ಕಾಡೆಲ್ಲ ಅಲೆಯುತ್ತಾನೆ. ನೋಡುತ್ತಿದ್ದವರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ತಿಂಗಳುಗಟ್ಟಲೆ ಕಳೆದು, 1988ರ ಮಳೆಗಾಲದ ಹೊತ್ತಿಗೆ ರಾವಣವಧೆ ಮುಗಿಯಿತು. ಅಗ್ನಿಪರೀಕ್ಷೆಯ ಪ್ರಸಂಗ ಬಂತು. ಚಿತೆ ಸಿದ್ಧಪಡಿಸು ಎಂಬ ಅಣ್ಣನ ಮಾತಿಗೆ ಲಕ್ಷ್ಮಣ ಸಿಡಿದೇಳುತ್ತಾನೆ. ಆಗ ರಾಮ ಅವನಿಗೊಂದು ಗುಟ್ಟು ಹೇಳುತ್ತಾನೆ. ರಾವಣ ಒಯ್ದದ್ದು ನಿಜವಾದ ಸೀತೆಯನ್ನಲ್ಲ, ಅವಳ ನೆರಳನ್ನು. ನಿಜವಾದ ಸೀತೆಯನ್ನು ಮೊದಲೇ ಅಗ್ನಿಗೆ ಒಪ್ಪಿಸಿಯಾಗಿತ್ತು. ಈಗ ನೆರಳು ಬೆಂಕಿಯೊಳಗೆ ಹೋಗಬೇಕು, ನಿಜವಾದವಳು ಹೊರಗೆ ಬರಬೇಕು. ಹಿಂದೆ ತೋರಿಸದೆ ಉಳಿಸಿಕೊಂಡಿದ್ದ ಆ ಘಟನೆಯನ್ನು ಹಿನ್ನೋಟವಾಗಿ ತೋರಿಸಲಾಯಿತು. ಒಂದೇ ಏಟಿಗೆ ಹಿಂದಿನ ಅದೆಷ್ಟೋ ಕಂತುಗಳ ಅರ್ಥ ತಿರುವುಮುರುವಾಯಿತು. ಅಶೋಕವನದಲ್ಲಿ ಕುಳಿತವಳೂ ನೆರಳು, ಹನುಮಂತನ ಕೈಯಿಂದ ಉಂಗುರ ಪಡೆದವಳೂ ನೆರಳು!

1988ರಲ್ಲಿ ಇದರಿಂದ ದೊಡ್ಡ ಗೊಂದಲವೇನೂ ಆದಂತಿಲ್ಲ. ಅಪಹರಣದ ಕಂತು ಹಿಂದೆ ಉಳಿದಿತ್ತು. ಅದನ್ನು ತೆಗೆದು ಪಕ್ಕದಲ್ಲಿಟ್ಟು ನೋಡುವಂತಿರಲಿಲ್ಲ. 2020ರಲ್ಲಿ ಇಡೀ ಕಥೆ ಸುಮಾರು ಮೂರೇ ವಾರಗಳಲ್ಲಿ ಓಡಿತು. ಅಪಹರಣ ನೋಡಿ ಅತ್ತ ಮಗು, ಕಣ್ಣೀರಿನ ನೆನಪು ಆರುವ ಮೊದಲೇ, ಅವಳು ನೆರಳು ಎಂಬ ಮಾತನ್ನೂ ಕೇಳಿತು. ಬಮ್ಮಿಗಟ್ಟಿಯಂಥ ಊರಿನ ಒಂದು ಮನೆಯಲ್ಲಿ ಐದನೆಯ ಇಯತ್ತೆಯ ಮೊಮ್ಮಗ ತನ್ನ ಆಯಿಗೆ ಏನು ಕೇಳಿಯಾನು ಎಂದು ಊಹಿಸುವುದು ಕಷ್ಟವಲ್ಲ: “ಆಯಿ, ರಾವಣ ಎಳಕೊಂಡು ಹೋದಾಕಿ ಖರೇ ಸೀತಾ ಅಲ್ಲಂದ್ರ, ಆವತ್ತ ಅತ್ತಾಕಿ ಯಾರು?”

ಪ್ರಶ್ನೆ ಸಣ್ಣದಲ್ಲ. “ಸುಮ್ಮನೆ ನೋಡು” ಎಂದು ಗದರಿಸಿ ಮುಗಿಸುವಂಥದ್ದೂ ಅಲ್ಲ. ಅತ್ತವಳು ನೆರಳಾದರೆ ಆ ಅಳು ನಾಟಕವೇ? ಗುಟ್ಟು ಗೊತ್ತಿದ್ದ ರಾಮ ಗಿಡಮರಗಳನ್ನು ಕೇಳುತ್ತ ಅಲೆದದ್ದೇಕೆ? ಜಟಾಯು ಸತ್ತದ್ದು ಒಂದು ನೆರಳಿಗಾಗಿಯೇ? ಕಥೆಯಲ್ಲಿ ನಂಬಿಕೆ ಇಟ್ಟ ಮಗುವಿಗೆ ತನಗೆ ಯಾರೋ ಮೋಸ ಮಾಡಿದರು ಎನ್ನಿಸಿದರೆ ಆಶ್ಚರ್ಯವಿಲ್ಲ. ಇದಕ್ಕೆ ಉತ್ತರ ಹೇಳಬೇಕಾದರೆ ಹಿರಿಯರು ಈ ನೆರಳು ಎಲ್ಲಿಂದ ಬಂತು ಎಂದು ತಿಳಿದಿರಬೇಕು.

ವಾಲ್ಮೀಕಿ ರಾಮಾಯಣದಲ್ಲಿ ರಾವಣ ಒಯ್ದದ್ದು ಸೀತೆಯನ್ನೇ. ಅಲ್ಲಿ ನೆರಳಿನ ಮಾತಿಲ್ಲ. ಅವಳ ಕೂದಲಿಗೆ ಕೈಹಾಕಿ ಎತ್ತಿಕೊಂಡು ಹೋದ ಎಂದು ಕವಿ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಕಾಲ ಸರಿದಂತೆ ಕೇಳುಗರ ಭಕ್ತಿ ಬೆಳೆಯಿತು. ಸೀತೆ ರಾಜನ ಹೆಂಡತಿ ಮಾತ್ರವಾಗಿ ಉಳಿಯದೆ ಜಗನ್ಮಾತೆಯಾದಳು. ಜಗನ್ಮಾತೆಯನ್ನು ರಾಕ್ಷಸ ಮುಟ್ಟಿದ ಎಂಬ ಮಾತು ಭಕ್ತರಿಗೆ ನುಂಗಲಾರದ ತುತ್ತಾಯಿತು. ತಮಿಳಿನ ಕಂಬ ಕವಿ ಇದಕ್ಕೊಂದು ದಾರಿ ಹುಡುಕಿದ: ರಾವಣ ಸೀತೆಯನ್ನು ಮುಟ್ಟದೆ, ಅವಳಿದ್ದ ಗುಡಿಸಿಲನ್ನು ನೆಲಸಮೇತ ಕಿತ್ತೊಯ್ಯುತ್ತಾನೆ. ಸಂಸ್ಕೃತದ ಅಧ್ಯಾತ್ಮ ರಾಮಾಯಣ ಹಿಡಿದದ್ದು ಮತ್ತೊಂದು ದಾರಿ: ಮಾಯಾಸೀತೆ. 1574ರಲ್ಲಿ ‘ರಾಮಚರಿತಮಾನಸ’ವನ್ನು ಬರೆಯತೊಡಗಿದ ತುಲಸೀದಾಸರೂ ಆ ದಾರಿಯಲ್ಲೇ ನಡೆದರು. ಸಾಗರ್ ಅವರ ಧಾರಾವಾಹಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ರಾಮಾಯಣಗಳಿಗೆ ಋಣ ಹೇಳಿಕೊಂಡರೂ ಅದರ ಬೆನ್ನೆಲುಬು ವಾಲ್ಮೀಕಿ ಮತ್ತು ತುಲಸಿ. ಅಪಹರಣದ ಹೊತ್ತಿಗೆ ಅದು ವಾಲ್ಮೀಕಿಯನ್ನು ಹಿಡಿಯಿತು, ಅಗ್ನಿಪರೀಕ್ಷೆಯ ಹೊತ್ತಿಗೆ ತುಲಸಿಯನ್ನು ಹಿಡಿಯಿತು.

ಇಲ್ಲೊಂದು ಸೂಕ್ಷ್ಮವಿದೆ. ತುಲಸೀದಾಸರು ಗುಟ್ಟನ್ನು ಕೇಳುಗರಿಂದ ಬಚ್ಚಿಡಲಿಲ್ಲ. ಅಪಹರಣಕ್ಕೆ ಮೊದಲೇ, ಅರಣ್ಯಕಾಂಡದಲ್ಲೇ, ಅದನ್ನು ಹೇಳಿಬಿಡುತ್ತಾರೆ. ಗುಟ್ಟು ತಿಳಿಯದವನು ಲಕ್ಷ್ಮಣ ಮಾತ್ರ. ಹೀಗಾಗಿ ಮಾನಸದ ಕೇಳುಗ ಎಲ್ಲವನ್ನೂ ತಿಳಿದೇ ಸೀತೆಯ ಗೋಳನ್ನು ಕೇಳುತ್ತಾನೆ, ತಿಳಿದೂ ಅಳುತ್ತಾನೆ. ಧಾರಾವಾಹಿಯಲ್ಲಿ ವೀಕ್ಷಕನನ್ನು ಲಕ್ಷ್ಮಣನ ಪಕ್ಕದಲ್ಲಿ ಕೂರಿಸಲಾಯಿತು. ಲಕ್ಷ್ಮಣನಿಗೆ ತಿಳಿದ ದಿನವೇ ಅವನಿಗೂ ತಿಳಿಯಿತು. ಕಥೆ ಒಂದೇ, ಹೇಳಿದ ಹೊತ್ತು ಬೇರೆ. ಹೊತ್ತು ಬೇರೆಯಾದರೆ ನೋವೂ ಬೇರೆಯಾಗುತ್ತದೆ. ಎರಡನೆಯ ಸಲ ನೋಡುವವರು ಲಕ್ಷ್ಮಣನ ಪಕ್ಕದಿಂದ ಎದ್ದು ತುಲಸಿಯ ಕೇಳುಗರ ಸಾಲಿಗೆ ಬಂದು ಕುಳಿತ ಹಾಗೆ.

ಮಾಯಾಸೀತೆಯಿಂದ ಬಂದ ಲಾಭವೇನು, ಆದ ನಷ್ಟವೇನು? ಲಾಭ ಸ್ಪಷ್ಟ. ಸೀತೆಗೆ ಕಳಂಕ ತಟ್ಟಲಿಲ್ಲ. ಹೆಂಡತಿಯನ್ನು ಬೆಂಕಿಗೆ ನೂಕಿದ ಎಂಬ ಅಪವಾದ ರಾಮನಿಗೂ ತಟ್ಟಲಿಲ್ಲ; ಬೆಂಕಿ ಪರೀಕ್ಷೆಯಾಗಿ ಉಳಿಯದೆ, ಇಟ್ಟ ಒಡವೆಯನ್ನು ಹಿಂದಕ್ಕೆ ಪಡೆಯುವ ಜಾಗವಾಯಿತು. ನಷ್ಟವೂ ಉಂಟು. ಲಂಕೆಯ ದಿನಗಳನ್ನು ಹಲ್ಲುಕಚ್ಚಿ ಕಳೆದ, ರಾವಣನ ಮುಂದೆ ಹುಲ್ಲುಕಡ್ಡಿ ಇಟ್ಟು ಮಾತಾಡಿದ, ಹನುಮಂತನ ಬೆನ್ನೇರಿ ಬರಲು ಒಪ್ಪದ ಆ ಗಟ್ಟಿ ಹೆಣ್ಣು ಯಾರು? ಅವಳನ್ನು ನೆರಳೆಂದರೆ ಆ ಧೈರ್ಯದ ಲೆಕ್ಕ ಯಾರ ಹೆಸರಿಗೆ ಬರೆಯಬೇಕು? ಸೀತೆಯ ಮಾನ ಉಳಿಸಲು ಹೋಗಿ ಅವಳು ಪಟ್ಟ ಪಾಡನ್ನೇ ಅವಳಿಂದ ಕಸಿದುಕೊಂಡಂತಾಗಲಿಲ್ಲವೇ? ಪ್ರೌಢಶಾಲೆಯ ಮಕ್ಕಳು ಇಷ್ಟು ದೂರ ಯೋಚಿಸಬಲ್ಲರು. ಯೋಚಿಸಲು ಬಿಡಬೇಕು ಅಷ್ಟೆ.

ಕನ್ನಡದ ಕವಿಗಳಿಗೂ ಈ ಇಕ್ಕಟ್ಟು ಗೊತ್ತಿತ್ತು. ಹನ್ನೆರಡನೆಯ ಶತಮಾನದ ಸುಮಾರಿಗೆ ನಾಗಚಂದ್ರ ತನ್ನ ‘ರಾಮಚಂದ್ರಚರಿತಪುರಾಣ’ದಲ್ಲಿ ಜೈನ ಸಂಪ್ರದಾಯವನ್ನು ಹಿಡಿದ. ಅಲ್ಲಿಯ ರಾವಣ ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತ ಹೊತ್ತವನು, ಕೊನೆಗೆ ಪಶ್ಚಾತ್ತಾಪಪಡುವವನು. ನೆರಳಿನ ಅವಶ್ಯಕತೆಯೇ ಅಲ್ಲಿ ಬೀಳಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆದಾಗ ಮತ್ತೊಂದು ಬಾಗಿಲು ತೆರೆದರು: ಸೀತೆಯೊಡನೆ ರಾಮನೂ ಬೆಂಕಿಯನ್ನು ಹೊಗುತ್ತಾನೆ. ಪರೀಕ್ಷೆಯಾಗುವುದಾದರೆ ಇಬ್ಬರಿಗೂ ಆಗಲಿ! 1955ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ, 1967ರ ಸಾಲಿನಲ್ಲಿ ಕನ್ನಡಕ್ಕೆ ಮೊದಲ ಜ್ಞಾನಪೀಠವನ್ನೂ ತಂದ ಕಾವ್ಯ ಅದು. ‘ಮೂಲಕಥೆಯಲ್ಲಿ ಕವಿ ಮಾಡಿಕೊಂಡ ಮಾರ್ಪಾಟುಗಳನ್ನು ವಿವರಿಸಿ’ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದಾಗ ವಿದ್ಯಾರ್ಥಿಗಳು ಪಟ್ಟಿ ಬರೆದು ಅಂಕ ಪಡೆಯುತ್ತಾರೆ. ಆ ಮಾರ್ಪಾಟು ಯಾರ ನೋವನ್ನು ಕಂಡು ಹುಟ್ಟಿತು ಎಂದು ಕೇಳಿಕೊಂಡರೆ ಪಟ್ಟಿಗೆ ಜೀವ ಬರುತ್ತದೆ.

ಆಮೇಲೆ ಸೇರಿದ್ದು ಎಷ್ಟೋ ವೇಳೆ ಮೂಲವೇ ಆಗಿಬಿಡುವುದೂ ಉಂಟು. ಲಕ್ಷ್ಮಣರೇಖೆಯನ್ನೇ ನೋಡಿ. ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಲಕ್ಷ್ಮಣ ಯಾವ ಗೆರೆಯನ್ನೂ ಎಳೆಯುವುದಿಲ್ಲ. ಆದರೆ ಇಂದು ಆ ಗೆರೆಯಿಲ್ಲದ ರಾಮಾಯಣವನ್ನು ಹೇಳಿದರೆ ಮಕ್ಕಳೇ ತಿದ್ದುತ್ತಾರೆ. ‘ಲಕ್ಷ್ಮಣರೇಖೆ ದಾಟಬೇಡ’ ಎಂಬುದು ಕನ್ನಡದ ದಿನಬಳಕೆಯ ಮಾತು.

ಧಾರಾವಾಹಿಯ ಕಥೆಗೆ ಎರಡನೆಯ ತಿರುವು ಬಂದದ್ದು ಪರದೆಯ ಹೊರಗಿನಿಂದ. 1988ರ ಜುಲೈ 31ರಂದು ಪಟ್ಟಾಭಿಷೇಕದೊಂದಿಗೆ ಎಲ್ಲವೂ ಮುಗಿಯಿತು ಎಂದಾಗ ಪಂಜಾಬಿನ ಜಲಂಧರದ ಪೌರಕಾರ್ಮಿಕರು ಮುಷ್ಕರ ಹೂಡಿದರು. ಅವರು ವಾಲ್ಮೀಕಿಯನ್ನು ತಮ್ಮ ಗುರುವೆಂದು ಪೂಜಿಸುವ ಸಮುದಾಯದವರು. ವಾಲ್ಮೀಕಿ ಮಹರ್ಷಿ ಸ್ವತಃ ಪಾತ್ರವಾಗಿ ಬರುವ, ಕಾಡಿಗೆ ಕಳುಹಿಸಲ್ಪಟ್ಟ ಸೀತೆಗೆ ನೆರಳು ಕೊಡುವ ಉತ್ತರಕಾಂಡವನ್ನು ತೋರಿಸದೆ ಕಥೆ ಮುಗಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ಮುಷ್ಕರ ಬೇರೆ ಊರುಗಳಿಗೂ ಹಬ್ಬಿತು; ಸರ್ಕಾರ ಮಣಿಯಿತು. ಆ ವರ್ಷದ ಅಕ್ಟೋಬರ್‌ನಿಂದ ಲವ-ಕುಶರ ಕಥೆ ಕಿರುತೆರೆಗೆ ಬಂತು. 2020ರಲ್ಲೂ ಏಪ್ರಿಲ್ 18ಕ್ಕೆ ಮೊದಲ ಭಾಗ ಮುಗಿದದ್ದೇ ತಡ, ಮರುದಿನದಿಂದ ಉತ್ತರ ರಾಮಾಯಣ ಶುರುವಾಯಿತು. ಮೂವತ್ತೆರಡು ವರ್ಷ ಹಿಂದೆ ಅದು ಬೀದಿಗಿಳಿದು ಕೇಳಿ ಪಡೆದ ಭಾಗವೆಂದು ಹೊಸ ವೀಕ್ಷಕರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ಧಾರವಾಡ ಸೀಮೆಯ ಹಳ್ಳಿಗಳಿಗೆ ಆ ಕಥೆ ಹೊಸದಾಗಿರಲಿಲ್ಲ. ಪುರಾಣ ಓದಿಸುವ ರೂಢಿ ಇದ್ದಲ್ಲೆಲ್ಲ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಸೀತಾ ಪರಿತ್ಯಾಗ ಮತ್ತು ಕುಶಲವರ ಕಾಳಗ ಪರಿಚಿತ. ಪಟ್ಟಾಭಿಷೇಕದ ಸಂಭ್ರಮ ನೋಡುವಾಗಲೇ ಹಿರಿಯರ ಮನಸ್ಸಿನಲ್ಲಿ ಮುಂದಿನ ಕಾಡು ಇದ್ದೇ ಇತ್ತು.

ಉತ್ತರ ರಾಮಾಯಣ ನೋಡಿದ ಮೇಲೆ ಮೊದಲ ಕಂತಿಗೆ ಹಿಂತಿರುಗಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಈ ಕಥೆಯನ್ನು ಮೊದಲು ಹಾಡಿದವರು ಕುಶ-ಲವರು. ತಾಯಿಯ ದುಃಖದ ಕಥೆಯನ್ನು ತಂದೆಯ ಮುಂದೆಯೇ ಹಾಡಿದವರು. ವಾಲ್ಮೀಕಿ ರಾಮಾಯಣದ ಬಾಲಕಾಂಡದ ಆರಂಭದಲ್ಲೇ ಈ ಸಂಗತಿ ಬರುತ್ತದೆ. ಅಂದರೆ ಮೊದಲ ಪುಟಕ್ಕೇ ಕೊನೆಯ ಪುಟ ಗೊತ್ತು. ಇನ್ನೊಂದು ಸ್ವಾರಸ್ಯವೆಂದರೆ, ಬಾಲಕಾಂಡದ ಬಹುಭಾಗವೂ ಉತ್ತರಕಾಂಡವೂ ನಡುವಿನ ಐದು ಕಾಂಡಗಳಿಗಿಂತ ಈಚಿನವು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಆರಂಭವೇ ಆಮೇಲೆ ಬಂದು ಸೇರಿದೆ! ಎರಡು ಸಾವಿರ ವರ್ಷಗಳಿಂದ ಈ ದೇಶದ ಜನ ಹಳೆಯ ಕಂತನ್ನು ಹೊಸ ತಿಳಿವಳಿಕೆಯಿಂದ ಮತ್ತೆ ಮತ್ತೆ ನೋಡುತ್ತಲೇ ಬಂದಿದ್ದಾರೆ.

ಇದು ಪುರಾಣಗಳಿಗಷ್ಟೇ ಸೇರಿದ ಮಾತಲ್ಲ. ಇಂಗ್ಲೆಂಡಿನ ಬಿಬಿಸಿ 1963ರ ನವೆಂಬರ್ 23ರಂದು ‘ಡಾಕ್ಟರ್ ಹೂ’ ಎಂಬ ಮಕ್ಕಳಿಗೂ ದೊಡ್ಡವರಿಗೂ ಒಪ್ಪುವ ಧಾರಾವಾಹಿಯನ್ನು ಆರಂಭಿಸಿತು. ಕಾಲದಲ್ಲಿ ಹಿಂದೆ ಮುಂದೆ ಸಂಚರಿಸುವ ಒಬ್ಬ ಮುದುಕನ ಕಥೆ. ಮೊದಲ ಕಂತಿನಲ್ಲಿ ಅವನು ತನ್ನ ಲೋಕದಿಂದ ದೂರವಾದ ಅಲೆಮಾರಿ, ಅಷ್ಟೇ ಗೊತ್ತು. 1966ರಲ್ಲಿ ಆ ಪಾತ್ರ ಮಾಡುತ್ತಿದ್ದ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಾಗ, ನಾಯಕ ದೇಹವನ್ನೇ ಬದಲಿಸಬಲ್ಲ ಎಂದು ಕಥೆ ತಿರುಗಿತು. 1969ರಲ್ಲಿ ಅವನ ಕುಲದ ಹೆಸರು ತಿಳಿಯಿತು. 2020ರಲ್ಲಿ ಬಂದ ಕಂತೊಂದು, ಅವನು ಆ ಕುಲದಲ್ಲಿ ಹುಟ್ಟಿದವನೇ ಅಲ್ಲ ಎಂದುಬಿಟ್ಟಿತು. ಹಳೆಯ ಅಭಿಮಾನಿಗಳಲ್ಲಿ ಕೆಲವರು ಸಿಟ್ಟಾದರು, ಕೆಲವರು ಮೆಚ್ಚಿದರು. ಆದರೆ ಮೊದಲ ಕಂತನ್ನು ಈಗ ಹಾಕಿ ನೋಡಿದರೆ ಅಲ್ಲಿರುವುದು ಅದೇ ಮುದುಕ. 1975ರಲ್ಲಿ ತೀರಿಕೊಂಡ ಹಾರ್ಟ್‌ನೆಲ್ ಅವರಿಗೆ ಈ ಹೊಸ ಜಾತಕ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅವರು ಮಾಡಿದ ಅಭಿನಯಕ್ಕೆ ಅದರಿಂದ ಕುಂದೇನೂ ಬರಲಿಲ್ಲ.

ದೀಪಿಕಾ ಅವರ ಸೀತೆಗೂ ಈ ಮಾತು ಸಲ್ಲುತ್ತದೆ. ಅಪಹರಣದ ಕಂತನ್ನು ಎಷ್ಟು ಸಲ ನೋಡಿದರೂ ಅಲ್ಲಿ ನೆರಳಿನ ಗುರುತು ಕಾಣುವುದಿಲ್ಲ. ಅಲ್ಲಿರುವುದು ಭಯಗೊಂಡ ಒಬ್ಬ ಹೆಣ್ಣು, ಅವಳ ನಿಜವಾದ ಕೂಗು. ಮುಂದಿನ ಕಂತು ಹಿಂದಿನದಕ್ಕೆ ಅರ್ಥ ಕೂಡಿಸಬಲ್ಲದು, ಆಗಿಹೋದದ್ದನ್ನು ಆಗಿಲ್ಲವೆನ್ನಿಸಲಾರದು.

ಹಾಗಾದರೆ ಮೊಮ್ಮಗನಿಗೆ ಏನು ಹೇಳಬೇಕು? ಉತ್ತರಕ್ಕೆ ವಾಲ್ಮೀಕಿಯಲ್ಲೇ ಒಂದು ಆಧಾರವಿದೆ. ಯುದ್ಧಕಾಂಡದಲ್ಲಿ ಒಬ್ಬ ಮಾಯಾಸೀತೆ ಬರುತ್ತಾಳೆ. ಅವಳನ್ನು ಸೃಷ್ಟಿಸಿದವನು ಇಂದ್ರಜಿತು. ವಾನರರ ಎದುರಿಗೇ ಅವಳನ್ನು ಅವನು ಕೊಲ್ಲುತ್ತಾನೆ. ಹನುಮಂತ ಅದನ್ನು ನಿಜವೆಂದೇ ನಂಬಿ ಸಂಕಟಪಡುತ್ತಾನೆ. ಸುದ್ದಿ ಕೇಳಿದ ರಾಮ ನೆಲಕ್ಕೆ ಕುಸಿಯುತ್ತಾನೆ. ಆಮೇಲೆ ವಿಭೀಷಣ ಬಂದು ಅದು ಮಾಯೆ ಎನ್ನುತ್ತಾನೆ. ಸತ್ತವಳು ಸುಳ್ಳು ಸೀತೆ ನಿಜ. ಹನುಮಂತನ ಸಂಕಟ ಸುಳ್ಳೇ? ಕವಿ ಎಲ್ಲಿಯೂ ಅವನನ್ನು ನಗೆಗೀಡು ಮಾಡಿಲ್ಲ. ಆ ಗಳಿಗೆಗೆ ತಿಳಿದದ್ದನ್ನು ನಂಬಿ, ಆ ಗಳಿಗೆಗೆ ತಕ್ಕಂತೆ ನೊಂದವನು ಮೋಸಹೋದ ಮೂರ್ಖನಾಗುವುದಿಲ್ಲ.

ಆಯಿಗೆ ಇಷ್ಟೆಲ್ಲ ಗ್ರಂಥದ ಆಧಾರ ಬೇಕಿಲ್ಲ. “ಸೀತಾ ಖರೇನೋ ನೆಳ್ಳೋ, ಅದು ದೇವರಿಗೆ ಗೊತ್ತಪಾ. ಆವತ್ತ ನೀ ಅತ್ತದ್ದು ಖರೇ, ನಾ ಅತ್ತದ್ದೂ ಖರೇ” ಎಂದರೆ ಸಾಕು. ವಿದ್ಯಾರ್ಥಿ ಸ್ವಲ್ಪ ದೊಡ್ಡವನಾದರೆ ತಂದೆತಾಯಿ ಮುಂದಿನ ಮೆಟ್ಟಿಲು ಹತ್ತಿಸಬಹುದು: ಆ ಕಂತಿಗೆ ಆಗ ಗೊತ್ತಿದ್ದದ್ದೇನು, ಆಮೇಲೆ ಯಾರು ಏನನ್ನು ಸೇರಿಸಿದರು, ಯಾರ ಸಮಾಧಾನಕ್ಕಾಗಿ ಸೇರಿಸಿದರು, ಸೇರಿಸುವಾಗ ಏನು ಕಳೆದುಹೋಯಿತು. ಈ ನಾಲ್ಕು ಪ್ರಶ್ನೆಗಳನ್ನು ರಾಮಾಯಣಕ್ಕೆ ಕೇಳಲು ಕಲಿತ ಹುಡುಗ ಇತಿಹಾಸದ ಪಾಠಕ್ಕೂ ಕೇಳುತ್ತಾನೆ, ಪತ್ರಿಕೆಯ ಸುದ್ದಿಗೂ ಕೇಳುತ್ತಾನೆ.

ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರಾದದ್ದು. ಅರಗಿನ ಬಣ್ಣ ಹಚ್ಚಿದ ಆ ಮರದ ತೊಟ್ಟಿಲುಗಳ ಮೇಲೆ ರಾಮಾಯಣ, ಮಹಾಭಾರತ, ಕೃಷ್ಣಲೀಲೆಗಳ ಚಿತ್ರ ಬರೆಯುವ ರೂಢಿ ಬಹಳ ಹಳೆಯದು. ಮಾತು ಬಾರದ ಕೂಸು ಮಲಗಿದಲ್ಲಿಂದಲೇ ಆ ಬಣ್ಣಗಳನ್ನು ನೋಡುತ್ತದೆ. ಅದು ಯಾರ ಕಥೆ, ಮುಂದೇನಾಯಿತು ಎಂಬುದೊಂದೂ ಅದಕ್ಕೆ ತಿಳಿಯದು. ಮುಂದೆ ಅಜ್ಜಿ ಒಂದು ಹೇಳುತ್ತಾಳೆ, ಶಾಲೆ ಒಂದು ಹೇಳುತ್ತದೆ, ಟಿ.ವಿ. ಇನ್ನೊಂದು ಹೇಳುತ್ತದೆ, ಕುವೆಂಪು ಮತ್ತೊಂದು ಹೇಳುತ್ತಾರೆ. ಬೆಳೆದ ಮಗು ಇವೆಲ್ಲವನ್ನೂ ತಿಳಿದುಕೊಂಡು ತನ್ನ ತಂಗಿಯನ್ನೋ ತಮ್ಮನನ್ನೋ ಅದೇ ತೊಟ್ಟಿಲಲ್ಲಿ ತೂಗುವಾಗ ಚಿತ್ರಗಳು ಇದ್ದಂತೆಯೇ ಇರುತ್ತವೆ. ತೂಗುವ ಕೈಗೆ ಮಾತ್ರ ಕಥೆ ಇನ್ನಷ್ಟು ಗೊತ್ತಿರುತ್ತದೆ.